ಪಟೇಲ್, ಜೆ. ಹೆಚ್. (1930–2000)

ಕರ್ನಾಟಕದ ಸಮಾಜವಾದಿ ರಾಜಕಾರಣದ ಪ್ರಮುಖರಲ್ಲೊಬ್ಬರೂ, ಲೋಕಸಭೆಯಲ್ಲಿ ಪ್ರಪ್ರಥಮವಾಗಿ ಕನ್ನಡದಲ್ಲಿ ಭಾಷಣ ಮಾಡಿದ ಸದಸ್ಯರೂ, 1996ರ ಮೇ 31ರಿಂದ 1999ರ ಅಕ್ಟೋಬರ್ ತಿಂಗಳವರೆಗೆ ರಾಜ್ಯದ ಮುಖ್ಯಮಂತ್ರಿಗಳೂ ಆಗಿದ್ದ ಜಯದೇವಪ್ಪ ಹಾಲಪ್ಪ ಪಟೇಲರು 1930ರ ಅಕ್ಟೋಬರ್ 1ರಂದು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ಜನಿಸಿದರು. ಆ ಕಾಲಕ್ಕೆ ಚನ್ನಗಿರಿಯು ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ಇಂದು ಅದು ದಾವಣಗೆರೆ ಜಿಲ್ಲೆಯ ಭಾಗ. ಈ ಬದಲಾವಣೆಯನ್ನು ಮಾಡಿದವರು ಮುಖ್ಯಮಂತ್ರಿಯಾಗಿದ್ದ ಪಟೇಲರೇ ಎಂಬುದರಿಂದ, ಅವರ ಜೀವನವೃತ್ತಾಂತವೂ ಅವರ ತಾಲ್ಲೂಕಿನ ಇತ್ತೀಚಿನ ಚರಿತ್ರೆಯೂ ಒಂದನ್ನೊಂದು ಬಿಟ್ಟು ಹೇಳಲಾಗದಷ್ಟು ಹೆಣೆದುಕೊಂಡಿವೆ.

ಚನ್ನಗಿರಿ ತಾಲ್ಲೂಕು ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿದೆ. ದಕ್ಷಿಣದಲ್ಲಿ ಉಬ್ರಾಣಿ ಹೋಬಳಿಯ ಗುಡ್ಡಗಾಡು ತರೀಕೆರೆಯ ಸೀಮೆಯನ್ನು ಮುಟ್ಟುತ್ತದೆ. ಮಧ್ಯದಲ್ಲಿ, ಸೂಳೆಕೆರೆಯೆಂದು ಜನವಾಡಿಕೆಯಲ್ಲಿಯೂ ಶಾಂತಿಸಾಗರವೆಂದು ಕಾಗದಪತ್ರಗಳಲ್ಲಿಯೂ ಕರೆಯಲ್ಪಡುವ ಮಹಾತಟಾಕವು ಹರಿದ್ರಾವತಿಯ ನೀರನ್ನು ಹಿಡಿದು ನಿಂತಿದೆ. ಸಂತೇಬೆನ್ನೂರಿನ ಪುಷ್ಕರಿಣಿ, ಬಸವಾಪಟ್ಟಣದ ಹಳೆಯ ನಾಯಕರ ನೆಲೆ, ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯ ಬೆಟ್ಟ ಮತ್ತು ಕೋಟೆ, ಇವೆಲ್ಲ ಈ ನೆಲದ ಪ್ರಾಚೀನತೆಗೆ ಸಾಕ್ಷ್ಯ ನುಡಿಯುತ್ತವೆ. ಭದ್ರಾ ನಾಲೆಯ ನೀರು ತಾಗಿದ ಊರುಗಳಲ್ಲಿ ಭತ್ತವೂ ಅಡಕೆಯೂ ಸಮೃದ್ಧವಾಗಿ ಬೆಳೆದರೆ, ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿರುವ ಉಬ್ರಾಣಿಯಂಥ ಸೀಮೆಯು ಮಳೆಯನ್ನೂ ಕೆರೆಯನ್ನೂ ನೆಚ್ಚಿಯೇ ಬಾಳಬೇಕಾಗಿತ್ತು. ಒಂದೇ ತಾಲ್ಲೂಕಿನೊಳಗಿನ ಈ ಅಸಮತೆ, ನೀರುಂಡ ಊರು ಮತ್ತು ನೀರು ಕಾಣದ ಊರುಗಳ ಈ ನೆರೆಹೊರೆ, ಇಲ್ಲಿಂದ ಆರಿಸಿಹೋಗುವ ಯಾವ ಪ್ರತಿನಿಧಿಯೂ ಮರೆಯಲಾಗದ ಸಂಗತಿಯಾಗಿದ್ದಿತು.

ಪಟೇಲರು ಕಾನೂನು ಪದವೀಧರರು. ಆದರೆ ಅವರ ಬುದ್ಧಿಯನ್ನು ರೂಪಿಸಿದ್ದು ನ್ಯಾಯಾಲಯಕ್ಕಿಂತ ಹೆಚ್ಚಾಗಿ ಶಿವಮೊಗ್ಗ ಜಿಲ್ಲೆಯಲ್ಲಿ ಸ್ವಾತಂತ್ರ್ಯಾನಂತರ ಬೇರುಬಿಟ್ಟ ಸಮಾಜವಾದಿ ಚಳವಳಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಗೇಣಿದಾರರು ಎದ್ದು ನಿಂತಾಗ, ಸಮಾಜವಾದಿ ಪಕ್ಷವು ಅವರ ಬೆಂಬಲಕ್ಕೆ ಬಂದಿತು, ಡಾ. ರಾಮಮನೋಹರ ಲೋಹಿಯಾ ಅವರು ಸ್ವತಃ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಸತ್ಯಾಗ್ರಹದ ನಾಯಕರಲ್ಲೊಬ್ಬರಾದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿ, ಸಭೆಯೆಂಬುದು ಬಡವನ ದುಃಖವನ್ನು ಬಡವನ ನುಡಿಯಲ್ಲಿಯೇ ಹೇಳತಕ್ಕ ಸ್ಥಳವೆಂಬುದನ್ನು ತಮ್ಮ ಆಚರಣೆಯಿಂದ ತೋರಿಸಿಕೊಟ್ಟರು. ಲೋಹಿಯಾ ಅವರ ವಿಚಾರ, ಗೋಪಾಲಗೌಡರ ನಡೆ, ಇವೆರಡೂ ಪಟೇಲರ ರಾಜಕೀಯ ವಿದ್ಯಾಭ್ಯಾಸಕ್ಕೆ ಮೂಲದ್ರವ್ಯಗಳಾದುವು. ಹಳೆಯ ಶಿವಮೊಗ್ಗ ಜಿಲ್ಲೆಯು ನಾಡಿಗೆ ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ. ಹೆಚ್. ಪಟೇಲ್ ಎಂಬ ಮೂವರು ಮುಖ್ಯಮಂತ್ರಿಗಳನ್ನು ಕೊಟ್ಟಿತೆಂಬುದೂ, ಅವರಲ್ಲಿ ಕೊನೆಯ ಇಬ್ಬರು ಸಮಾಜವಾದಿ ಪಕ್ಷದ ಗರಡಿಯಿಂದಲೇ ಹೊರಬಂದವರೆಂಬುದೂ ಆಕಸ್ಮಿಕವಲ್ಲ. ಭೂಮಿಯ ಪ್ರಶ್ನೆಯನ್ನು ಅಷ್ಟು ತೀಕ್ಷ್ಣವಾಗಿ ಎತ್ತಿದ ಜಿಲ್ಲೆ ಆ ಕಾಲದ ಮೈಸೂರು ರಾಜ್ಯದಲ್ಲಿ ಬೇರೊಂದಿರಲಿಲ್ಲ.

1967ರ ಮಹಾಚುನಾವಣೆಯಲ್ಲಿ ಪಟೇಲರು ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಶಿವಮೊಗ್ಗ ಕ್ಷೇತ್ರದಿಂದ ನಾಲ್ಕನೆಯ ಲೋಕಸಭೆಗೆ ಆರಿಸಿಹೋದರು. ಆಗ ಅವರಿಗೆ ಮೂವತ್ತಾರು ವಯಸ್ಸು. ಆ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಕೇಂದ್ರದಲ್ಲಿ ಅಧಿಕಾರವನ್ನು ಉಳಿಸಿಕೊಂಡರೂ ಹಿಂದಿನ ಪ್ರಾಬಲ್ಯವನ್ನು ಕಳೆದುಕೊಂಡಿತ್ತು; ಹಲವು ರಾಜ್ಯಗಳಲ್ಲಿ ಅದರ ಸರ್ಕಾರಗಳು ಉರುಳಿದ್ದುವು. ಸಂಯುಕ್ತ ಸಮಾಜವಾದಿ ಪಕ್ಷಕ್ಕೆ ಲೋಕಸಭೆಯಲ್ಲಿ ದೊರೆತದ್ದು 23 ಸ್ಥಾನಗಳು ಮಾತ್ರ. ಸಂಖ್ಯೆ ಅಲ್ಪವಾದರೂ ಅವರಲ್ಲಿ ಕನ್ನೌಜಿನಿಂದ ಬಂದ ಲೋಹಿಯಾ, ಮುಂಗೇರಿನಿಂದ ಬಂದ ಮಧು ಲಿಮಯೆ, ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಪರಾಭವಗೊಳಿಸಿ ಬಂದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಮುಂತಾದವರಿದ್ದರು. ನೆರೆಯ ಚಿತ್ರದುರ್ಗ ಕ್ಷೇತ್ರದಿಂದ ಜಗಳೂರಿನ ಜೆ. ಮೊಹಮದ್ ಇಮಾಮ್ ಅವರು ಸ್ವತಂತ್ರ ಪಕ್ಷದಿಂದ ಆರಿಸಿಬಂದಿದ್ದರು. ಉತ್ತರ ಕನ್ನಡದಿಂದ ಚುಟುಕಗಳ ಕವಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ಬಂದಿದ್ದರು. 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಪ್ರಜಾ ಸಮಾಜವಾದಿ ಪಕ್ಷದ ಎಸ್. ಎಂ. ಕೃಷ್ಣ ಅವರೂ ಅದೇ ಸಭೆಯನ್ನು ಸೇರಿದರು. ಮೂವತ್ತೊಂದು ವರ್ಷಗಳ ಬಳಿಕ ಪಟೇಲರಿಂದ ಮುಖ್ಯಮಂತ್ರಿಯ ಅಧಿಕಾರವನ್ನು ವಹಿಸಿಕೊಂಡವರು ಇವರೇ.

ಈ ಸಭೆಯಲ್ಲಿ ಪಟೇಲರು ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಅದುವರೆಗೆ ಲೋಕಸಭೆಯಲ್ಲಿ ಕನ್ನಡದ ದನಿ ಕೇಳಿಬಂದಿರಲಿಲ್ಲ. ಈ ಘಟನೆಯ ಮಹತ್ತ್ವವನ್ನರಿಯಬೇಕಾದರೆ ಸಂವಿಧಾನದ 120ನೆಯ ಅನುಚ್ಛೇದವನ್ನು ಸ್ವಲ್ಪ ಗಮನಿಸಬೇಕು. ಸಂಸತ್ತಿನ ವ್ಯವಹಾರವು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ವಿಧಿಸುವ ಆ ಅನುಚ್ಛೇದವು, ಈ ಎರಡರಲ್ಲಿ ಯಾವುದರಲ್ಲಿಯೂ ತನ್ನ ಭಾವವನ್ನು ಸಮರ್ಪಕವಾಗಿ ಪ್ರಕಟಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದೆಂದು ಹೇಳುತ್ತದೆ. ಅಂದರೆ ಮಾತೃಭಾಷೆಯು ಅಲ್ಲಿ ಹಕ್ಕಾಗಿ ಅಲ್ಲ, ಅಸಾಮರ್ಥ್ಯಕ್ಕೆ ಕೊಟ್ಟ ವಿನಾಯಿತಿಯಾಗಿ ಬರುತ್ತದೆ. ಪಟೇಲರು ಕಾನೂನು ಓದಿದವರು. ಇಂಗ್ಲಿಷು ತಿಳಿಯದೆ ಕನ್ನಡಕ್ಕೆ ಶರಣುಹೋದವರಲ್ಲ. ತಿಳಿದೂ ಅದನ್ನು ಬದಿಗಿಟ್ಟು, ತಮ್ಮನ್ನು ಆರಿಸಿ ಕಳಿಸಿದ ಚನ್ನಗಿರಿ, ಹೊನ್ನಾಳಿ, ತೀರ್ಥಹಳ್ಳಿ, ಸಾಗರಗಳ ಜನಕ್ಕೆ ತಾವು ಅವರ ಪರವಾಗಿ ಏನು ಹೇಳುತ್ತಿರುವೆವೆಂಬುದು ಅರ್ಥವಾಗಬೇಕೆಂಬ ಸಂಕಲ್ಪದಿಂದ ಅವರು ಕನ್ನಡವನ್ನು ಆಯ್ದುಕೊಂಡರು. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ಅನಂತಪುರ ಜಿಲ್ಲೆಯ ತೆಲುಗರಾದ ನೀಲಂ ಸಂಜೀವರೆಡ್ಡಿಯವರು. ಅವರು ಪಟೇಲರನ್ನು ತಡೆಯಲಿಲ್ಲ; ಮುಂದುವರಿಸುವಂತೆ ಪ್ರೋತ್ಸಾಹಿಸಿದರು. ಸದಸ್ಯರು ತಮ್ಮ ತಮ್ಮ ಮಾತೃಭಾಷೆಗಳಲ್ಲಿ ಮಾತನಾಡುವ ಪರಿಪಾಟಿಗೆ ಈ ಪ್ರಸಂಗವು ದಾರಿ ತೆರೆಯಿತು. ಕಾಲಕ್ರಮದಲ್ಲಿ ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳ ಭಾಷಣಗಳನ್ನು ಆ ಕ್ಷಣದಲ್ಲಿಯೇ ಅನುವಾದಿಸಿ ಸದಸ್ಯರ ಕಿವಿಗೆ ಮುಟ್ಟಿಸುವ ಏರ್ಪಾಡು ಲೋಕಸಭೆಯಲ್ಲಿ ನೆಲೆಗೊಂಡಿತು.

ಕಾಲದ ಸಂದರ್ಭವನ್ನು ನೋಡಿದರೆ ಈ ಕೃತ್ಯದ ಧೈರ್ಯವು ಇನ್ನೂ ಸ್ಪಷ್ಟವಾಗುತ್ತದೆ. 1965ರಲ್ಲಿ ಮದರಾಸು ರಾಜ್ಯವು ಹಿಂದಿಯ ವಿರುದ್ಧ ಹೊತ್ತಿ ಉರಿದಿತ್ತು. 1967ರಲ್ಲಿ ಅದೇ ಕಿಚ್ಚಿನ ಬಲದಿಂದ ದ್ರಾವಿಡ ಮುನ್ನೇತ್ರ ಕಳಗಂ ಅಲ್ಲಿ ಅಧಿಕಾರಕ್ಕೆ ಬಂದಿತು. ಆ ವರ್ಷದ ಕೊನೆಯಲ್ಲಿ ಅಧಿಕೃತ ಭಾಷೆಗಳ ತಿದ್ದುಪಡಿ ಶಾಸನವು ಇಂಗ್ಲಿಷಿನ ಬಳಕೆಯನ್ನು ಮುಂದುವರಿಸುವ ಭರವಸೆಯಿತ್ತಿತು. ಲೋಹಿಯಾ ಅವರ ಇಂಗ್ಲಿಷ್ ನಿವಾರಣೆಯ ಚಳವಳಿಯನ್ನು ದಕ್ಷಿಣದ ಬಹುಜನರು ಹಿಂದಿಯ ಹೇರಿಕೆಯೆಂದೇ ಭಾವಿಸಿದ್ದರು. ಅಂಥ ಸಂದರ್ಭದಲ್ಲಿ ಆ ಪಕ್ಷದ ದಕ್ಷಿಣಾತ್ಯ ಸದಸ್ಯನೊಬ್ಬನ ಮುಂದೆ ಎರಡೇ ಸುಲಭ ಮಾರ್ಗಗಳಿದ್ದುವು: ಪಕ್ಷದ ಉತ್ತರದ ಮುಖಂಡರನ್ನು ಅನುಸರಿಸಿ ಹಿಂದಿಯಲ್ಲಿ ಮಾತನಾಡುವುದು, ಇಲ್ಲವೆ ದಕ್ಷಿಣದ ಇತರರಂತೆ ಇಂಗ್ಲಿಷನ್ನು ಆಶ್ರಯಿಸುವುದು. ಪಟೇಲರು ಎರಡನ್ನೂ ಬಿಟ್ಟರು. ಇಂಗ್ಲಿಷನ್ನು ವಿರೋಧಿಸುವುದೆಂದರೆ ಹಿಂದಿಗೆ ತಲೆಬಾಗುವುದಲ್ಲ, ಪ್ರತಿಯೊಬ್ಬನೂ ತನ್ನ ತಾಯ್ನುಡಿಯನ್ನು ಎತ್ತಿ ಹಿಡಿಯುವುದು ಎಂಬ ಅರ್ಥವನ್ನು, ದೀರ್ಘ ವಾದಗಳಿಂದ ಸಾಧಿಸಲಾಗದ್ದನ್ನು, ಅವರು ಒಂದು ಭಾಷಣದಿಂದ ಸಾಧಿಸಿದರು. ಭಾಷಾನೀತಿಯನ್ನು ಕುರಿತ ಚರ್ಚೆಗಳಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಹಲವು ನುಡಿಗಳ ದೇಶಗಳು ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಇಂಗ್ಲಿಷು ಮತ್ತು ಫ್ರೆಂಚು ಎರಡೂ ಅಧಿಕೃತವಾಗಿದ್ದ ಕೆನಡಾದ ಸಂಸತ್ತಿನಲ್ಲಿಯೂ, ಆಡಿದ ಮಾತನ್ನು ಆಗಿಂದಾಗಲೇ ಇನ್ನೊಂದು ಭಾಷೆಗೆ ಅನುವಾದಿಸಿ ಕೇಳಿಸುವ ಏರ್ಪಾಡು ಬಂದದ್ದು 1959ರಲ್ಲಿ. ಅದಕ್ಕೆ ಮುನ್ನ ಫ್ರೆಂಚು ಭಾಷಿಕ ಸದಸ್ಯರ ಮಾತು ಸಭೆಯ ಬಹುಪಾಲು ಕಿವಿಗಳಿಗೆ ಮುಟ್ಟದೆಯೇ ಹೋಗುತ್ತಿತ್ತು. ಎರಡು ಭಾಷೆಗಳ ದೇಶಕ್ಕೇ ಅಷ್ಟು ಕಾಲ ಹಿಡಿದಿರುವಾಗ, ಹದಿನಾಲ್ಕು ಭಾಷೆಗಳನ್ನು ಎಂಟನೆಯ ಅನುಸೂಚಿಯಲ್ಲಿ ಬರೆದುಕೊಂಡು ಹೊರಟ ನಮ್ಮ ದೇಶದಲ್ಲಿ ಯಾರಾದರೊಬ್ಬರು ಎದ್ದು ನಿಲ್ಲದಿದ್ದರೆ ಆ ಪಟ್ಟಿಯು ಪುಸ್ತಕದೊಳಗಿನ ಅಲಂಕಾರವಾಗಿಯೇ ಉಳಿಯುತ್ತಿತ್ತೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ.

ಲೋಕಸಭೆಯಲ್ಲಿ ಪಟೇಲರದು ಅದೊಂದೇ ಅವಧಿ. 1971ರಲ್ಲಿ ಇಂದಿರಾಗಾಂಧಿಯವರ ಪರವಾಗಿ ಬೀಸಿದ ಪ್ರಚಂಡ ಗಾಳಿಯಲ್ಲಿ ಮೈಸೂರು ರಾಜ್ಯದ ಎಲ್ಲ ಲೋಕಸಭಾ ಸ್ಥಾನಗಳೂ ಕಾಂಗ್ರೆಸ್ಸಿನ ಪಾಲಾದುವು, ಶಿವಮೊಗ್ಗದಿಂದ ಟಿ. ವಿ. ಚಂದ್ರಶೇಖರಪ್ಪನವರು ಆರಿಸಿಹೋದರು. ಲೋಹಿಯಾ ಅವರು 1967ರ ಅಕ್ಟೋಬರಿನಲ್ಲಿಯೂ ಗೋಪಾಲಗೌಡರು 1972ರಲ್ಲಿಯೂ ಗತಿಸಿದರು. ಗುರುಸ್ಥಾನದ ಇಬ್ಬರನ್ನೂ ಐದು ವರ್ಷಗಳೊಳಗೆ ಕಳೆದುಕೊಂಡ ಸಮಾಜವಾದಿಗಳು ಒಡೆದು, ಕೂಡಿ, ಮತ್ತೆ ಒಡೆದು ದುರ್ಬಲರಾಗಿದ್ದ ಕಾಲವದು. 1975ರಲ್ಲಿ ತುರ್ತುಪರಿಸ್ಥಿತಿ ಘೋಷಿತವಾದಾಗ ಪಟೇಲರೂ ಬಂಧಿತರಾಗಿ ಸೆರೆಮನೆಯಲ್ಲಿದ್ದರು. ಆ ಸೆರೆವಾಸವು ವಿರೋಧ ಪಕ್ಷಗಳವರನ್ನು ಪರಸ್ಪರ ಹತ್ತಿರಕ್ಕೆ ತಂದಿತು. ಹಳೆಯ ಕಾಂಗ್ರೆಸ್ಸಿನವರೂ ಸಮಾಜವಾದಿಗಳೂ ಒಂದೇ ಜನತಾ ಪಕ್ಷದೊಳಗೆ ಕೂಡಿಕೊಳ್ಳಲು ಅದು ಕಾರಣೀಭೂತವಾಯಿತು.

1978ರ ವಿಧಾನಸಭಾ ಚುನಾವಣೆಯಲ್ಲಿ ಪಟೇಲರು ಜನತಾ ಪಕ್ಷದಿಂದ ಚನ್ನಗಿರಿ ಕ್ಷೇತ್ರದಲ್ಲಿ ಗೆದ್ದು ಮೊದಲ ಬಾರಿಗೆ ರಾಜ್ಯದ ಶಾಸಕರಾದರು. ದೇವರಾಜ ಅರಸರ ನೇತೃತ್ವದಲ್ಲಿ ಕಾಂಗ್ರೆಸ್ 149 ಸ್ಥಾನಗಳನ್ನು ಪಡೆದಿದ್ದ ಆ ಸಭೆಯಲ್ಲಿ ಜನತಾ ಪಕ್ಷಕ್ಕಿದ್ದದ್ದು 59. ಐದು ವರ್ಷ ವಿರೋಧ ಪಕ್ಷದಲ್ಲಿ ಕುಳಿತ ಅನುಭವವು ಅವರಿಗೆ ಸಭಾವ್ಯವಹಾರದ ಸೂಕ್ಷ್ಮಗಳನ್ನು ಕಲಿಸಿತು. 1983ರಲ್ಲಿ ಜನತಾ ಪಕ್ಷವು 95 ಸ್ಥಾನಗಳನ್ನು ಗೆದ್ದು ಇತರರ ಬೆಂಬಲದಿಂದ ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಸರ್ಕಾರವನ್ನು ರಚಿಸಿದಾಗ, ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಪಟೇಲರಿಗೆ ಸ್ಥಾನ ದೊರೆಯಿತು. 1985ರಲ್ಲಿ ಪಕ್ಷವು 139 ಸ್ಥಾನಗಳೊಡನೆ ಮರಳಿದಾಗಲೂ ಚನ್ನಗಿರಿ ಅವರನ್ನು ಕೈಬಿಡಲಿಲ್ಲ.

ಹೆಗಡೆಯವರ ಸರ್ಕಾರದ ಕಾರ್ಯಗಳಲ್ಲಿ ಚಿರಸ್ಥಾಯಿಯಾದದ್ದು ಪಂಚಾಯತ್ ವ್ಯವಸ್ಥೆಯ ಪುನಾರಚನೆ. ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಪರಿಶ್ರಮದಿಂದ ರೂಪುಗೊಂಡ 1983ರ ಶಾಸನವು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ನಿಜವಾದ ಅಧಿಕಾರವನ್ನೂ ಹಣವನ್ನೂ ಕೊಟ್ಟಿತು; 1987ರ ಆರಂಭದಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಈ ಸುಧಾರಣೆಯ ಕರ್ತೃತ್ವವನ್ನು ಪಟೇಲರಿಗೆ ಆರೋಪಿಸುವುದು ಸರಿಯಲ್ಲ. ಆದರೆ ಅಧಿಕಾರವು ರಾಜಧಾನಿಯಿಂದ ಕೆಳಗಿಳಿದು ಜನರ ಮನೆಬಾಗಿಲಿನ ಸಮೀಪಕ್ಕೆ ಬರಬೇಕೆಂಬ, ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯವು ನಿಲ್ಲಬೇಕೆಂಬ ಲೋಹಿಯಾ ಅವರ ಬೋಧನೆಯನ್ನು ಕಾರ್ಯರೂಪಕ್ಕೆ ತಂದ ಮಂತ್ರಿಮಂಡಲದಲ್ಲಿ ಅವರಿದ್ದರೆಂಬುದು ಮುಂದಿನ ಅವರ ನಿರ್ಧಾರಗಳನ್ನು ಅರಿಯಲು ನೆರವಾಗುತ್ತದೆ.

ಹೆಗಡೆಯವರ ತರುವಾಯ ಎಸ್. ಆರ್. ಬೊಮ್ಮಾಯಿಯವರ ಸರ್ಕಾರ ಬಂದಿತು. 1989ರ ಏಪ್ರಿಲಿನಲ್ಲಿ ಅದನ್ನು ವಜಾಗೊಳಿಸಲಾಯಿತು. ಆ ವರ್ಷದ ಚುನಾವಣೆಯಲ್ಲಿ, ಜನತಾ ಪಕ್ಷದ ಮುಂದುವರಿಕೆಯಾದ ಜನತಾದಳವು 24 ಸ್ಥಾನಗಳಿಗೆ ಕುಸಿಯಿತು, ಚನ್ನಗಿರಿಯೂ ಪಟೇಲರ ಕೈತಪ್ಪಿತು. ಐದು ವರ್ಷಗಳ ಅನಂತರ, 1994ರಲ್ಲಿ, ಜನತಾದಳವು 115 ಸ್ಥಾನಗಳೊಡನೆ ಅಧಿಕಾರಕ್ಕೆ ಮರಳಿದಾಗ ಹೆಚ್. ಡಿ. ದೇವೇಗೌಡರು ಮುಖ್ಯಮಂತ್ರಿಗಳಾಗಿಯೂ ಪಟೇಲರು ಉಪಮುಖ್ಯಮಂತ್ರಿಗಳಾಗಿಯೂ ಪ್ರಮಾಣವಚನ ಸ್ವೀಕರಿಸಿದರು.

1996ರ ಲೋಕಸಭಾ ಚುನಾವಣೆಯ ಫಲವಾಗಿ ದೇವೇಗೌಡರು ಪ್ರಧಾನಮಂತ್ರಿಗಳಾಗಿ ದೆಹಲಿಗೆ ತೆರಳಿದುದರಿಂದ, ಮೇ 31ರಂದು ಪಟೇಲರು ಮುಖ್ಯಮಂತ್ರಿಗಳಾದರು, ಸಿದ್ದರಾಮಯ್ಯನವರು ಉಪಮುಖ್ಯಮಂತ್ರಿಗಳಾದರು. ಪದವಿ ಬಂದದ್ದು ಅನಾಯಾಸವಾಗಿ ಎಂದು ತೋರಬಹುದು, ಉಳಿಸಿಕೊಳ್ಳುವುದು ಅನಾಯಾಸವಾಗಿರಲಿಲ್ಲ. ಅವರು ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ರಾಮಕೃಷ್ಣ ಹೆಗಡೆಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಒಂದು ಕಡೆ ದೀರ್ಘಕಾಲದ ಸ್ನೇಹಬಂಧವಿದ್ದ ಹೆಗಡೆಯವರು, ಇನ್ನೊಂದು ಕಡೆ ಪಕ್ಷದ ಮೇಲೆ ಬಿಗಿಯಾದ ಹಿಡಿತವಿದ್ದ ದೇವೇಗೌಡರು, ಈ ಇಬ್ಬರ ನಡುವೆ ಸರ್ಕಾರವನ್ನು ಮೂರು ವರ್ಷಗಳಿಗೂ ಮೀರಿ ನಡೆಸಿದ್ದು ಪಟೇಲರ ಸಹನೆಗೂ ಚಾತುರ್ಯಕ್ಕೂ ನಿದರ್ಶನವೇ ಸರಿ. 1998ರ ಲೋಕಸಭಾ ಚುನಾವಣೆಯಲ್ಲಿ ಜನತಾದಳವು ರಾಜ್ಯದ 28 ಸ್ಥಾನಗಳಲ್ಲಿ ಮೂರನ್ನು ಮಾತ್ರ ಪಡೆದ ಮೇಲೆ ಅವರ ಆಸನದ ಕೆಳಗಿನ ನೆಲವು ನಿರಂತರವಾಗಿ ಕಂಪಿಸುತ್ತಲೇ ಇತ್ತು.

ಇಂಥ ಅಸ್ಥಿರತೆಯ ನಡುವೆಯೂ ಅವರು ಕೈಗೊಂಡ ಒಂದು ನಿರ್ಧಾರವು ರಾಜ್ಯದ ಭೂಪಟವನ್ನೇ ಬದಲಿಸಿತು. 1997ರಲ್ಲಿ ಏಳು ಹೊಸ ಜಿಲ್ಲೆಗಳು ಅಸ್ತಿತ್ವಕ್ಕೆ ಬಂದುವು: ಬಿಜಾಪುರದಿಂದ ಬಾಗಲಕೋಟೆ, ಧಾರವಾಡದಿಂದ ಗದಗ ಮತ್ತು ಹಾವೇರಿ, ರಾಯಚೂರಿನಿಂದ ಕೊಪ್ಪಳ, ದಕ್ಷಿಣ ಕನ್ನಡದಿಂದ ಉಡುಪಿ, ಮೈಸೂರಿನಿಂದ ಚಾಮರಾಜನಗರ, ಮತ್ತು ಮೂರು ಜಿಲ್ಲೆಗಳಿಂದ ಆಯ್ದ ತಾಲ್ಲೂಕುಗಳನ್ನು ಕೂಡಿಸಿ ದಾವಣಗೆರೆ. 1956ರಲ್ಲಿ ಏಕೀಕೃತ ರಾಜ್ಯವು 19 ಜಿಲ್ಲೆಗಳೊಡನೆ ಉದಯಿಸಿತ್ತು. 1986ರಲ್ಲಿ ಬೆಂಗಳೂರು ಇಬ್ಭಾಗವಾಗಿ 20 ಆಗಿತ್ತು. ನಡುವಣ ನಾಲ್ಕು ದಶಕಗಳಲ್ಲಿ ಜಿಲ್ಲಾ ಪುನರ್ವಿಂಗಡಣೆಯ ವಿಷಯವಾಗಿ ವಾಸುದೇವರಾವ್ ಆಯೋಗ, ಹುಂಡೇಕರ್ ಸಮಿತಿ ಮೊದಲಾದವು ವರದಿಗಳನ್ನು ಒಪ್ಪಿಸಿದ್ದುವು. ಯಾವ ಊರನ್ನು ಜಿಲ್ಲಾಕೇಂದ್ರ ಮಾಡಿದರೂ ಇನ್ನೊಂದು ಊರು ಮುನಿಯುತ್ತದೆಂಬ ಭಯದಿಂದ ಸರ್ಕಾರಗಳು ಒಂದರ ಹಿಂದೊಂದರಂತೆ ಅವನ್ನು ಮುಂದೂಡುತ್ತ ಬಂದಿದ್ದುವು. ಬಹುಮತದ ಬಲವಿದ್ದವರು ಮುಟ್ಟದ ಕೆಲಸವನ್ನು ಪಕ್ಷದೊಳಗಣ ಭಿನ್ನಮತದಿಂದ ಬಳಲುತ್ತಿದ್ದ ಮುಖ್ಯಮಂತ್ರಿಯೊಬ್ಬರು ಮುಗಿಸಿದರು. 20 ಇದ್ದದ್ದು 27 ಆಯಿತು.

ಈ ವಿಂಗಡಣೆಯ ಪ್ರಯೋಜನವನ್ನು ಅಳೆಯುವುದಕ್ಕೆ ಉದಾಹರಣೆಗಳು ಸಾಕಷ್ಟಿವೆ. ಬೈಂದೂರಿನ ರೈತನು ತನ್ನ ಪಹಣಿಯ ಮೇಲ್ಮನವಿಗಾಗಿ ನೂರು ಕಿಲೋಮೀಟರಿಗೂ ಮೀರಿದ ದೂರದ ಮಂಗಳೂರಿಗೆ ಹೋಗಬೇಕಾಗಿತ್ತು. ಕುಷ್ಟಗಿ, ಯಲಬುರ್ಗಾಗಳವರಿಗೆ ರಾಯಚೂರು ದೂರದ ಊರು. ಹರಪನಹಳ್ಳಿಯವರಿಗೆ ದಾವಣಗೆರೆಯು ಸಂತೆಗೂ ಆಸ್ಪತ್ರೆಗೂ ಕಾಲೇಜಿಗೂ ನಿತ್ಯದ ಊರಾಗಿರುವಾಗ ಕಚೇರಿಗೆ ಮಾತ್ರ ಬಳ್ಳಾರಿಗೆ ಹೋಗಬೇಕಾಗಿತ್ತು. ಒಂದು ಸಹಿಗಾಗಿ ಒಂದು ಹಗಲಿನ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುವ ಬಡವನ ದೃಷ್ಟಿಯಿಂದ ನೋಡಿದರೆ ಜಿಲ್ಲಾಧಿಕಾರಿಯ ಕಚೇರಿಯು ಹತ್ತಿರಕ್ಕೆ ಬರುವುದು ಅಲ್ಪವಾದ ಉಪಕಾರವಲ್ಲ. ದೆಹಲಿಯಲ್ಲಿ ಕನ್ನಡ ನುಡಿದದ್ದು ಮತ್ತು ಬೆಂಗಳೂರಿನಲ್ಲಿ ಕುಳಿತು ಜಿಲ್ಲೆಗಳನ್ನು ಒಡೆದದ್ದು ಎರಡು ಬೇರೆ ಬೇರೆ ಕಾರ್ಯಗಳಂತೆ ತೋರಿದರೂ, ಆಳುವವರ ನುಡಿಯೂ ಆಳುವವರ ಮನೆಯೂ ಜನರಿಗೆ ಎಟುಕುವಂತಿರಬೇಕೆಂಬ ಒಂದೇ ನಂಬಿಕೆಯಿಂದ ಹೊರಟವು ಅವು. ಮೂವತ್ತು ವರ್ಷಗಳ ಅಂತರದಲ್ಲಿಯೂ ಈ ನಂಬಿಕೆ ಮಾಸದೆ ಉಳಿದುದರಲ್ಲಿಯೇ ಪಟೇಲರ ವ್ಯಕ್ತಿತ್ವದ ಏಕಸೂತ್ರತೆ ಇದೆ.

ವಿಚಿತ್ರವೆಂದರೆ ಅವರ ಸ್ವಂತ ತಾಲ್ಲೂಕಿನ ವಿಷಯದಲ್ಲಿ ಮಾತ್ರ ಈ ಲಾಭವು ಅಷ್ಟು ನಿಸ್ಸಂದಿಗ್ಧವಲ್ಲ. ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ, ಹರಿಹರ, ಜಗಳೂರುಗಳನ್ನೂ, ಬಳ್ಳಾರಿಯಿಂದ ಹರಪನಹಳ್ಳಿಯನ್ನೂ, ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿಗಳನ್ನೂ ತೆಗೆದು ಹೊಸ ಜಿಲ್ಲೆಯನ್ನು ಕಟ್ಟಲಾಯಿತು. ಮಧ್ಯ ಕರ್ನಾಟಕದ ವ್ಯಾಪಾರಕೇಂದ್ರವೂ, ಹತ್ತಿಗಿರಣಿಗಳಿಗೂ ವಿದ್ಯಾಸಂಸ್ಥೆಗಳಿಗೂ ಹೆಸರಾದುದೂ ಆದ ದಾವಣಗೆರೆಗೆ ಜಿಲ್ಲಾಕೇಂದ್ರದ ಸ್ಥಾನ ಸಲ್ಲಬೇಕಾದದ್ದೇ. ಆದರೆ ಚನ್ನಗಿರಿ ಪಟ್ಟಣಕ್ಕೂ, ಅದಕ್ಕಿಂತ ಹೆಚ್ಚಾಗಿ ಉಬ್ರಾಣಿ ಹೋಬಳಿಯ ಹಳ್ಳಿಗಳಿಗೂ ಶಿವಮೊಗ್ಗವೇ ಸಮೀಪ. ಹೊನ್ನಾಳಿಗೂ, ಇತ್ತೀಚೆಗೆ ಅದರಿಂದ ಪ್ರತ್ಯೇಕಗೊಂಡು ತಾಲ್ಲೂಕಾಗಿರುವ ನ್ಯಾಮತಿಗೂ ಹಾಗೆಯೇ. ಅಡಕೆಯ ವಹಿವಾಟು, ಬಂಧುತ್ವ, ವೈದ್ಯಕೀಯ, ಇವೆಲ್ಲ ಶಿವಮೊಗ್ಗದ ದಿಕ್ಕಿಗೇ ಹರಿಯುತ್ತಿದ್ದ ಸೀಮೆಯನ್ನು ಆಡಳಿತಕ್ಕಾಗಿ ಬೇರೊಂದು ದಿಕ್ಕಿಗೆ ತಿರುಗಿಸಿದುದು ಅಲ್ಲಿನ ಹಲವರಿಗೆ ರುಚಿಸಲಿಲ್ಲ. ಹೊಸ ಜಿಲ್ಲೆಗೆ ಸಾಕಷ್ಟು ವಿಸ್ತಾರವೂ ನೀರಾವರಿಯ ನೆಲವೂ ಬೇಕಾಗಿತ್ತೆಂಬ ಸಮರ್ಥನೆಯು ದಾವಣಗೆರೆಯ ದೃಷ್ಟಿಯಿಂದ ಯುಕ್ತವಾದದ್ದು. ಉಬ್ರಾಣಿಯ ದೃಷ್ಟಿಯಿಂದ ಅದು ಪೂರ್ಣ ಸಮಾಧಾನವನ್ನು ಕೊಡಲಾರದು. ನಾಡಿನ ಹಿತಕ್ಕಾಗಿ ಕೈಗೊಂಡ ಕಾರ್ಯದಲ್ಲಿ ತನ್ನ ಕ್ಷೇತ್ರದ ಅನುಕೂಲವನ್ನೇ ಮುಂದಿಡದ ಪ್ರತಿನಿಧಿಯನ್ನು ನಾವು ದೂರುವುದೋ ಹೊಗಳುವುದೋ ಎಂಬ ಪ್ರಶ್ನೆಗೆ ಈ ಲೇಖಕನ ಉತ್ತರವು ಹೊಗಳಿಕೆಯ ಕಡೆಗೇ ವಾಲುತ್ತದೆ.

ನೀರಾವರಿಯ ವಿಷಯದಲ್ಲಿ ಪಟೇಲರ ಕಾಲವು ಎರಡು ನದಿಗಳ ಒತ್ತಡಕ್ಕೆ ಸಿಲುಕಿತ್ತು. ಬಚಾವತ್ ನ್ಯಾಯಾಧಿಕರಣವು ಕೃಷ್ಣಾ ನದಿಯಲ್ಲಿ ಕರ್ನಾಟಕಕ್ಕೆ ಒಟ್ಟು 734 ಟಿಎಂಸಿ ಅಡಿ ನೀರನ್ನು ಹಂಚಿದ್ದಿತು. ಆ ತೀರ್ಪಿನ ಪುನರ್ವಿಮರ್ಶೆಗೆ 2000ದ ಮೇ 31ರ ಅನಂತರ ಅವಕಾಶವಿದ್ದುದರಿಂದ, ಅಷ್ಟರೊಳಗೆ ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಕಾಮಗಾರಿಯನ್ನು ಮುಂದೊಯ್ಯಬೇಕಾಗಿತ್ತು. ಕೃಷ್ಣಾ ಭಾಗ್ಯ ಜಲ ನಿಗಮವು ಸಾರ್ವಜನಿಕರಿಂದ ಬಾಂಡುಗಳ ಮೂಲಕ ಹಣವೆತ್ತಿ ಈ ಕಾರ್ಯವನ್ನು ಭರದಿಂದ ನಡೆಸಿತು. ಕಾವೇರಿಯ ವಿಷಯದಲ್ಲಿ, 1998ರ ಆಗಸ್ಟಿನಲ್ಲಿ ಪ್ರಧಾನಿ ವಾಜಪೇಯಿಯವರ ಅಧ್ಯಕ್ಷತೆಯಲ್ಲಿ ನಾಲ್ಕು ಪ್ರದೇಶಗಳ ಮುಖ್ಯಮಂತ್ರಿಗಳು ಸೇರಿ ಕಾವೇರಿ ನದಿ ಪ್ರಾಧಿಕಾರದ ಸ್ಥಾಪನೆಗೆ ಸಮ್ಮತಿಸಿದಾಗ ಕರ್ನಾಟಕದ ಪರವಾಗಿ ಅಲ್ಲಿದ್ದವರು ಪಟೇಲರು. ಬೀದಿಯ ಕೂಗಾಟಕ್ಕಿಂತ ಮೇಜಿನ ಸುತ್ತಲ ಮಾತುಕತೆ ಮೇಲೆಂಬುದು ಅವರ ಸ್ವಭಾವಕ್ಕೆ ಒಪ್ಪುವ ಮಾರ್ಗವಾಗಿತ್ತು. ಉಬ್ರಾಣಿಯ ಎತ್ತರದ ಸೀಮೆಗೆ ಮಾತ್ರ ಅವರ ಅಧಿಕಾರಾವಧಿಯಲ್ಲಿ ನೀರು ಬರಲಿಲ್ಲ. ಭದ್ರಾ ನದಿಯಿಂದ ನೀರೆತ್ತಿ ಚನ್ನಗಿರಿ ಮತ್ತು ತರೀಕೆರೆ ತಾಲ್ಲೂಕುಗಳ ಕೆರೆಗಳನ್ನು ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆಯು ಕಾರ್ಯಗತವಾದದ್ದು ಅವರ ಕಾಲಾನಂತರ.

ಅವರ ಆಡಳಿತದ ಇತರ ಸಂಗತಿಗಳಲ್ಲಿ, 1997ರಲ್ಲಿ ರಾಜ್ಯವು ತನ್ನ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದುದೂ, 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದುದೂ ಉಲ್ಲೇಖನೀಯ. ಗಡಿನಾಡಿನ ಬೆಳಗಾವಿಯಲ್ಲಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಒಂದೇ ವಿಶ್ವವಿದ್ಯಾನಿಲಯವನ್ನಿರಿಸಿದ್ದು ದೂರದೃಷ್ಟಿಯ ಕ್ರಮ. 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಗೆ ಅವರ ಸರ್ಕಾರವು ರಕ್ಷಣೆ ಒದಗಿಸಿದುದು ಮಹಿಳಾ ಸಂಘಟನೆಗಳ, ರೈತ ಸಂಘದವರ ಉಗ್ರ ಪ್ರತಿಭಟನೆಗೆ ಗುರಿಯಾಯಿತು. ಲೋಹಿಯಾ ಪರಂಪರೆಯ ಹಲವು ಹಿತೈಷಿಗಳೇ ಅಂದು ಅವರಿಂದ ದೂರ ನಿಂತರು. ಆ ನಿರ್ಧಾರವನ್ನು ಸಮರ್ಥಿಸುವುದು ಕಷ್ಟ.

ಶಾಸಕರಾಗಿ ಪಟೇಲರ ವೈಶಿಷ್ಟ್ಯವು ಅವರ ವಾಗ್ವೈಖರಿಯಲ್ಲಿದ್ದಿತು. ವಿರೋಧಿಯ ಮಾತನ್ನು ಸಾವಧಾನವಾಗಿ ಕೇಳಿ, ಕೋಪಗೊಳ್ಳದೆ, ಹಾಸ್ಯದ ಒಂದು ಮಾತಿನಿಂದ ಇಡೀ ಸಭೆಯ ಬಿಗುವನ್ನು ಸಡಿಲಿಸುವ ಅವರ ಸಾಮರ್ಥ್ಯವನ್ನು ಅವರ ರಾಜಕೀಯ ಪ್ರತಿಸ್ಪರ್ಧಿಗಳೂ ಮೆಚ್ಚಿಕೊಂಡಿದ್ದಾರೆ. ತಮ್ಮ ಖಾಸಗಿ ದೌರ್ಬಲ್ಯಗಳ ವಿಷಯವಾಗಿಯೂ ಅವರು ಮುಚ್ಚುಮರೆಯಿಲ್ಲದೆ ಮಾತನಾಡುತ್ತಿದ್ದುದು ಅನೇಕರನ್ನು ಬೆರಗುಗೊಳಿಸಿತು, ಕೆಲವರನ್ನು ಮುಜುಗರಪಡಿಸಿತು. ಪದವಿಯಲ್ಲಿದ್ದವರು ನಿಷ್ಕಳಂಕತೆಯ ಮುಖವಾಡವನ್ನು ಧರಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಆ ನೇರನುಡಿಯು ಒಂದು ಬಗೆಯ ಸತ್ಯನಿಷ್ಠೆಯಾಗಿತ್ತೆಂದು ಹೇಳುವುದರಲ್ಲಿ ತಪ್ಪಿಲ್ಲ. ಅದೇ ಸಡಿಲ ಮನೋಧರ್ಮವು ಆಡಳಿತದ ಮೇಲಣ ಹಿಡಿತವನ್ನೂ ಸಡಿಲಿಸಿತೆಂಬ ಆಕ್ಷೇಪಣೆಯನ್ನೂ ಮರೆಮಾಚುವಂತಿಲ್ಲ. ಮಂತ್ರಿಗಳು ತಮ್ಮ ತಮ್ಮ ದಾರಿಯಲ್ಲಿ ನಡೆದಾಗ ಅವರನ್ನು ಅಂಕೆಯಲ್ಲಿಡುವ ಕಾಠಿಣ್ಯವು ಅವರಲ್ಲಿರಲಿಲ್ಲ. ಆಡಳಿತಗಾರರಾಗಿ ಎನ್ನುವುದಕ್ಕಿಂತ ಸಭಾಸದರಾಗಿ ಅವರು ಹಿರಿಯರು.

1999ರ ಜುಲೈ ತಿಂಗಳಲ್ಲಿ ಜನತಾದಳವು ಇಬ್ಭಾಗವಾಯಿತು. ಶರದ್ ಯಾದವರೊಡನೆ ನಿಂತ ಪಟೇಲರ ಗುಂಪು, ಹೆಗಡೆಯವರ ಲೋಕಶಕ್ತಿ ಪಕ್ಷದೊಡನೆ ಕೂಡಿ ಸಂಯುಕ್ತ ಜನತಾದಳವಾಗಿ ಭಾರತೀಯ ಜನತಾ ಪಕ್ಷದ ಮೈತ್ರಿಕೂಟವನ್ನು ಸೇರಿತು. ದೇವೇಗೌಡರು ಜಾತ್ಯತೀತ ಜನತಾದಳವನ್ನು ಸ್ಥಾಪಿಸಿದರು. ವಿಧಾನಸಭೆಯು ವಿಸರ್ಜನೆಗೊಂಡು, ಲೋಕಸಭೆಯ ಜೊತೆಯಲ್ಲಿಯೇ ಚುನಾವಣೆ ನಡೆದಾಗ ಕಾಂಗ್ರೆಸ್ 132 ಸ್ಥಾನಗಳನ್ನು ಗಳಿಸಿತು. ಸಂಯುಕ್ತ ಜನತಾದಳಕ್ಕೆ ದೊರೆತದ್ದು 18, ದೇವೇಗೌಡರ ಪಕ್ಷಕ್ಕೆ 10. ಐದು ವರ್ಷಗಳ ಹಿಂದೆ 115 ಸ್ಥಾನಗಳಿದ್ದ ಒಂದು ಪಕ್ಷವು ಆಂತರಿಕ ಕಲಹದಿಂದ ಹೀಗೆ ಚೂರಾದುದು ಕರ್ನಾಟಕದ ಸಮಾಜವಾದಿ ರಾಜಕಾರಣಕ್ಕೆ ಬಿದ್ದ ಪೆಟ್ಟು. ಅದರಿಂದ ಅದು ಮತ್ತೆ ಚೇತರಿಸಿಕೊಳ್ಳಲಿಲ್ಲ. ಚನ್ನಗಿರಿಯಲ್ಲಿ ಪಟೇಲರೂ ಸೋತರು. ಪಕ್ಷೇತರರಾಗಿ ನಿಂತ ವಡ್ನಾಳ್ ರಾಜಣ್ಣನವರು ಗೆದ್ದರು. ಮುಖ್ಯಮಂತ್ರಿಯಾಗಿದ್ದವರನ್ನೂ ಅವರ ಸ್ವಕ್ಷೇತ್ರದ ಮತದಾರರು ಮನೆಗೆ ಕಳಿಸಬಲ್ಲರೆಂಬುದು ಪ್ರಜಾಪ್ರಭುತ್ವದ ಆರೋಗ್ಯಲಕ್ಷಣವೇ ಆದರೂ, ಬದುಕಿನ ಸಂಜೆಯಲ್ಲಿ ಅದು ಪಟೇಲರಿಗೆ ಒದಗಿದ ಕಹಿಯಾದ ಅನುಭವ. ಕೋಮುಭಾವನೆಯನ್ನು ಜೀವಮಾನವಿಡೀ ವಿರೋಧಿಸಿದ ಪರಂಪರೆಯವರು ಕೊನೆಯ ಘಟ್ಟದಲ್ಲಿ ಭಾರತೀಯ ಜನತಾ ಪಕ್ಷದ ಮೈತ್ರಿಗೆ ಒಪ್ಪಿದುದನ್ನು ಅವರ ಹಳೆಯ ಸಂಗಾತಿಗಳು ಕ್ಷಮಿಸಲಿಲ್ಲ. ಕಾಂಗ್ರೆಸ್ ವಿರೋಧವೇ ಲೋಹಿಯಾ ಅವರ ಮೂಲಮಂತ್ರವಾಗಿತ್ತೆಂದು ವಾದಿಸಿದವರೂ ಇದ್ದರು. ಎರಡು ವಾದಗಳಲ್ಲಿ ಮೊದಲನೆಯದೇ ಹೆಚ್ಚು ಬಲವಾದುದೆಂದು ತೋರುತ್ತದೆ.

ಪಟೇಲರು 2000ದ ಡಿಸೆಂಬರ್ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರಾದ ಕಾರಿಗನೂರಿನಲ್ಲಿ ಅವರ ಸಮಾಧಿಯಿದೆ. ದಾವಣಗೆರೆ ನಗರದ ಒಂದು ಬಡಾವಣೆಗೆ ಅವರ ಹೆಸರನ್ನಿಡಲಾಗಿದೆ. 2004ರಲ್ಲಿ ಅವರ ಮಗ ಮಹಿಮಾ ಪಟೇಲರು ಸಂಯುಕ್ತ ಜನತಾದಳದಿಂದ ಚನ್ನಗಿರಿಯ ಶಾಸಕರಾಗಿ ಆಯ್ಕೆಯಾದರು. ಜೆ. ಹೆಚ್. ಪಟೇಲರು ರಚಿಸಿದ ಜಿಲ್ಲೆಗಳ ಎಲ್ಲೆಗಳಲ್ಲಿ ಕೆಲವು ಅನಂತರ ಮತ್ತೆ ಬದಲಾದುವು: ಹರಪನಹಳ್ಳಿಯು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಯನ್ನು ಸೇರಿತು, ರಾಜ್ಯದ ಜಿಲ್ಲೆಗಳ ಸಂಖ್ಯೆ ಈಗ 31. ಕಂದಾಯದ ಮಟ್ಟಿಗೆ 1997ರಲ್ಲಿಯೇ ದಾವಣಗೆರೆಗೆ ಸೇರಿದ್ದ ಚನ್ನಗಿರಿಯು ಲೋಕಸಭೆಯ ಮಟ್ಟಿಗೆ ಇನ್ನೂ ಹನ್ನೊಂದು ವರ್ಷ ಶಿವಮೊಗ್ಗ ಕ್ಷೇತ್ರದಲ್ಲಿಯೇ ಇದ್ದು, 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಸೇರಿಸಲ್ಪಟ್ಟಿತು.